ಹಿಡಿದುಕೊಡಲ್ಪಟ್ಟ ರಾತ್ರಿಯ ರೊಟ್ಟಿ

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯವಳು. ವಯಸ್ಸು 47. ಬಟ್ಟೆ ಹೊಲಿದು ಜೀವನ. ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು ಇಪ್ಪತ್ತು ವರ್ಷದಿಂದ ನಮ್ಮ ಮನೆಯವರ ಹಾಗೇ ಇದ್ದರು. ಅವರ ಮಕ್ಕಳು ನನ್ನನ್ನು ಅತ್ತೆ ಅಂತಲೇ ಕರೆಯೋದು. ಆಲೆಮನೆ ವ್ಯವಹಾರಕ್ಕೆ ಅಂತ ಸೊಸೈಟಿಯಲ್ಲಿ ಆರು ಲಕ್ಷ ಸಾಲ ಎತ್ತಿದರು. ನಾನೂ ನಮ್ಮ ಯಜಮಾನರೂ ಜಾಮೀನು ಸಹಿ ಹಾಕಿದೆವು. ಅವರು ಕಂತು ಕಟ್ಟಲಿಲ್ಲ. ನೋಟಿಸು ನಮ್ಮ ಮನೆಗೆ ಬಂತು. ಎರಡು ವರ್ಷದ ಹಿಂದೆ ಸೈಟು ಮಾರಿ ನಾನೇ ಸಾಲ ತೀರಿಸಿದೆ. ಕೇಳೋಕೆ ಹೋದರೆ "ನಾನೇನು ಕೈ ಹಿಡಿದು ಸಹಿ ಹಾಕಿಸಿದ್ನಾ" ಅಂದರು. ಅದೇ ಕೊರಗಿನಲ್ಲಿದ್ದ ಯಜಮಾನರಿಗೆ ಲಕ್ವ ಹೊಡೆದು, ಹದಿನಾಲ್ಕು ತಿಂಗಳ ಹಿಂದೆ ತೀರಿಕೊಂಡರು. ಆ ಮನುಷ್ಯ ಇವತ್ತಿಗೂ ಭಾನುವಾರ ಮುಂದೆ ನಿಂತು ವಾಕ್ಯ ಓದುತ್ತಾರೆ. ಸಭೆಯವರು ನನಗೇ ಹೇಳುತ್ತಾರೆ: ಕ್ಷಮಿಸಿಬಿಡು, ಕೋರ್ಟಿಗೆ ಹೋದರೆ ಕರ್ತನ ಹೆಸರಿಗೆ ಕಳಂಕ, ಇದು ದೇವರ ಪರೀಕ್ಷೆ. ಒಬ್ಬರಂತೂ ನಿನ್ನ ಕಹಿತನದಿಂದಲೇ ಗಂಡ ಹೋದ ಅಂದರು. ಮೊಣಕಾಲೂರಿದರೆ ಬಾಯಲ್ಲಿ ಪ್ರಾರ್ಥನೆ ಬರಲ್ಲ, ಶಾಪ ಬರುತ್ತದೆ. ಮನಸ್ಸು ಶುದ್ಧವಿಲ್ಲ ಅಂತ ಒಂದು ವರ್ಷದಿಂದ ಕರ್ತನ ಭೋಜನ, ಅದೇ ಆರಾಧನೆಯಲ್ಲಿ ಕೊಡೋ ರೊಟ್ಟಿ ದ್ರಾಕ್ಷಾರಸ, ತೆಗೆದುಕೊಂಡಿಲ್ಲ. ಆಲೆಮನೆ ಹಿಂದೆ ಬಿಸಾಡಿದ ಕಬ್ಬಿನ ಸಿಪ್ಪೆ ಥರ ಆಗಿದ್ದೀನಿ. ಒಂದೊಂದು ರಾತ್ರಿ ಬದುಕೇ ಸಾಕು ಅನ್ನಿಸುತ್ತದೆ. ನನ್ನ ನಂಬಿಕೆಗೆ ಏನಾಗಿದೆ? ಮತ್ತೆ ಬಲ ಎಲ್ಲಿಂದ ಬರುತ್ತದೆ? ಇನ್ನೊಂದು ಸಣ್ಣ ಪ್ರಶ್ನೆ. ಎದುರು ಸಿಕ್ಕಾಗ ಅವರು "ಸ್ತೋತ್ರ ಅಕ್ಕ" ಅಂತಾರೆ. ನಾನೇನು ಹೇಳಲಿ?

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ನಾನು ಮೊದಲು ನಿಂತದ್ದು "ಒಂದೊಂದು ರಾತ್ರಿ ಬದುಕೇ ಸಾಕು" ಎಂಬ ಸಾಲಿನಲ್ಲಿ. ದೇವಶಾಸ್ತ್ರವೆಲ್ಲ ಆಮೇಲೆ. ಅಂಥ ರಾತ್ರಿ ಬಂದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿಮನಸ್ ಸಹಾಯವಾಣಿ. ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ ಎಂದಾದರೆ ಮಂಡ್ಯದ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಒಂದು ಸಲ ಕಂಡು ಬನ್ನಿ. ಮಾತ್ರೆ ತೆಗೆದುಕೊಂಡರೆ ನಂಬಿಕೆ ಸಾಲದು ಎಂದು ಅರ್ಥವೇ ಎಂದು ಯಾರಾದರೂ ಕೇಳಿದರೆ ಬೈಬಲಿನ ಅರಸುಗಳು ಮೊದಲನೇ ಪುಸ್ತಕದ 19ನೇ ಅಧ್ಯಾಯ ತೆಗೆದು ಮುಂದಿಡಿ. ಎಲೀಯನಂಥ ಪ್ರವಾದಿ ಅಡವಿಯ ಗಿಡವೊಂದರ ಕೆಳಗೆ ಬಿದ್ದುಕೊಂಡು, ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದ. ದೇವರು ಅವನಿಗೆ ಬುದ್ಧಿವಾದ ಹೇಳಲಿಲ್ಲ. ನಿದ್ದೆ ಕೊಟ್ಟರು. ದೂತನ ಕೈಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಕಳಿಸಿದರು. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ರೊಟ್ಟಿ. ಮಾತುಕತೆ ಶುರುವಾದದ್ದು ನಲವತ್ತು ದಿನ ನಡೆದ ಮೇಲೆ, ಹೋರೇಬ್ ಬೆಟ್ಟದಲ್ಲಿ.

ನಮ್ಮ ಸೀಮೆಯ ಕ್ರೈಸ್ತ ಚರಿತ್ರೆಯೂ ಹೀಗೇ ನಡೆದಿದೆ. ಕರಾವಳಿಯಿಂದ 1784ರಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದ ಕ್ರೈಸ್ತರ ಪಾಡು 1799ರವರೆಗೂ ಮುಗಿಯಲಿಲ್ಲ. ಆಮೇಲೆ ಅಲ್ಲಿ ಉಳಿದ ಚದುರಿದ ಮಂದಿಯನ್ನು ಕೂಡಿಸಲು ಬಂದವರು ಫ್ರಾನ್ಸಿನ ಪಾದ್ರಿ ಅಬ್ಬೆ ದುಬುವಾ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅವರು ಕಟ್ಟಿಸಿದ ಸಣ್ಣ ಚರ್ಚು ಈಗಲೂ ಇದೆ. ಅವರು ಪೂಜೆ, ಪ್ರಸಂಗ ಮಾಡಿಕೊಂಡು ಸುಮ್ಮನೆ ಕೂರಲಿಲ್ಲ. ಸಿಡುಬಿಗೆ ಲಸಿಕೆ ಹಾಕಿಸುವ ಕೆಲಸಕ್ಕೂ ಇಳಿದರು. ಮೈಸೂರಿನಲ್ಲಿ 1906ರಲ್ಲಿ ಶುರುವಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಹಳಬರು ಇನ್ನೂ ಮಿಷನ್ ಆಸ್ಪತ್ರೆ ಎಂದೇ ಕರೆಯುವುದು. ನೊಂದವರ ಮೈಗೆ ಮೊದಲು ಏನಾದರೂ ಮಾಡಬೇಕು ಎಂಬುದು ಈ ನಂಬಿಕೆಯೊಳಗೇ ಇರುವ ತಿಳಿವಳಿಕೆ. ಆದರೆ ಒಂದು ಮಾತು: "ಆ ಸೆರೆಯವರ ಕಷ್ಟದ ಮುಂದೆ ನಿನ್ನದೇನು ಮಹಾ" ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಪಕ್ಕದವರ ಕಾಲು ಮುರಿದಿದೆ ಎಂದರೆ ನಿಮ್ಮ ಹಲ್ಲುನೋವು ಇಳಿಯುವುದಿಲ್ಲ.

ಸಿಪ್ಪೆಯ ಮಾತು. ಹಿಂಡಿದ ಆ ಸಿಪ್ಪೆಯೇ ಒಣಗಿ ಒಲೆಗೆ ಉರಿಯಾಗುತ್ತದೆ, ಅದರಿಂದಲೇ ಬೆಲ್ಲದ ಪಾಕ ಕಾಯುತ್ತದೆ ಎಂದು ಪ್ರಸಂಗ ಹೊಸೆಯುವುದು ನನಗೆ ಐದು ನಿಮಿಷದ ಕೆಲಸ. ಹೊಸೆಯುವುದಿಲ್ಲ. ಹಿಂಡಿಸಿಕೊಂಡವರಿಗೆ ಉರಿಯುವುದೇ ನಿನ್ನ ಭಾಗ್ಯ ಎಂದು ಹೇಳುವ ಅಧಿಕಾರ ನನಗಿಲ್ಲ.

ಈಗ ಶಾಪದ ವಿಷಯ. ಮೂವತ್ತು ವರ್ಷದಿಂದ ಮೈಸೂರು, ಮಂಡ್ಯದ ಕಡೆ ಸತ್ಯವೇದದ, ಅಂದರೆ ಬೈಬಲಿನ, ಪಾಠ ಹೇಳುತ್ತಾ, ಮನೆಮನೆಯ ದುಃಖ ಕೇಳುತ್ತಾ ಬಂದಿದ್ದೇನೆ. ಈ ಅಪರಾಧಭಾವ ಹೇಳಿಕೊಳ್ಳದ ನೊಂದ ಹೆಂಗಸು ನನಗೆ ಸಿಕ್ಕಿಲ್ಲ. ನಿಮ್ಮ ಮನೆಯ ಗೋಡೆಯಲ್ಲೂ ವಚನದ ಕ್ಯಾಲೆಂಡರ್ ಇರಬೇಕು. "ನಿನ್ನ ಚಿಂತಾಭಾರವನ್ನು ಯೆಹೋವನ ಮೇಲೆ ಹಾಕು" ಎಂಬುದು ಅಂಥ ಕ್ಯಾಲೆಂಡರುಗಳಿಗೆ ಬಲು ಪ್ರಿಯವಾದ ವಾಕ್ಯ. ಅದು ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿ 55ನೇ ಕೀರ್ತನೆಯ 22ನೇ ವಚನ. ಕ್ಯಾಲೆಂಡರಿನಲ್ಲಿ ಯಾರೂ ಅಚ್ಚು ಹಾಕಿಸದ ವಚನಗಳು ಅದೇ ಕೀರ್ತನೆಯ 12ರಿಂದ 15. ನನ್ನನ್ನು ದೂಷಿಸಿದವನು ವೈರಿಯಾಗಿದ್ದರೆ ತಾಳಿಕೊಳ್ಳುತ್ತಿದ್ದೆ, ಆದರೆ ನೀನು ನನ್ನ ಸಮಾನನು, ಗೆಳೆಯನು, ನಾವಿಬ್ಬರೂ ಜೊತೆಯಲ್ಲಿ ದೇವಾಲಯಕ್ಕೆ ಹೋಗುತ್ತಿದ್ದೆವಲ್ಲ ಎನ್ನುತ್ತಾನೆ ಕೀರ್ತನೆಗಾರ. ಓದಿ ನೋಡಿ, ನಿಮ್ಮ ಪತ್ರವನ್ನೇ ಯಾರೋ ಎರಡೂವರೆ ಸಾವಿರ ವರ್ಷದಷ್ಟು ಹಿಂದೆ ಬರೆದಿಟ್ಟ ಹಾಗಿದೆ. ಮುಂದಿನ ವಚನದಲ್ಲೇ ಅಂಥವರು ಜೀವಸಹಿತ ಪಾತಾಳಕ್ಕೆ ಇಳಿದುಹೋಗಲಿ ಎಂದು ಶಪಿಸುತ್ತಾನೆ. ಅಷ್ಟೆಲ್ಲ ಹೇಳಿ ಬಾಯಿ ಒಣಗಿದ ಮೇಲೆ ಬಂದ ಮಾತು ಭಾರ ಹಾಕು ಎಂಬುದು. ನಿಮಗೆ 22ನೇ ವಚನ ಕೊಟ್ಟವರು 15ನೆಯದನ್ನು ಬಾಯಿಂದ ಕಿತ್ತುಕೊಂಡರು. ಭಾರ ಏನೆಂದು ಹೇಳದೆ ಇಳಿಸುವುದು ಹೇಗೆ?

ಇನ್ನು 109ನೇ ಕೀರ್ತನೆ. ನಿಮ್ಮ ಬಾಯಿಂದ ಬರುವ ಶಾಪ ಅದರ ಮುಂದೆ ಹಾಲಿನಂತಿರುತ್ತದೆ. ಹಗೆಯವನ ಮಕ್ಕಳು ತಬ್ಬಲಿಗಳಾಗಲಿ, ಸಾಲ ಕೊಟ್ಟವನು ಅವನಿಗಿರುವುದನ್ನೆಲ್ಲ ಕಸಿದುಕೊಳ್ಳಲಿ ಎಂದೆಲ್ಲ ಇದೆ. ನಮ್ಮೂರುಗಳಲ್ಲಿ ಅನ್ಯಾಯವಾದ ಹೆಂಗಸರು ಹಿಡಿಮಣ್ಣು ತೂರಿ ಶಪಿಸುತ್ತಾರಲ್ಲ, ಹೆಚ್ಚುಕಡಿಮೆ ಅದೇ ಧಾಟಿ. ವ್ಯತ್ಯಾಸ ಒಂದೇ. ಆ ಮಣ್ಣನ್ನು ಕೀರ್ತನೆಗಾರ ಹಗೆಯವನ ಮನೆಯ ಬಾಗಿಲಿಗೆ ತೂರದೆ ದೇವರ ಮುಂದೆ ತೂರಿದ್ದಾನೆ. ಕೇಳಿದ್ದನ್ನೆಲ್ಲ ದೇವರು ನಡೆಸಿಕೊಟ್ಟರು ಎಂದು ಎಲ್ಲೂ ಬರೆದಿಲ್ಲ. ಆದರೆ ಇಂಥ ಮಾತು ನನ್ನ ಮುಂದೆ ಆಡಬೇಡ ಎಂದೂ ಹೇಳಲಿಲ್ಲ. ಅದನ್ನೇ ಆರಾಧನೆಯ ಪುಸ್ತಕದಲ್ಲಿ ಉಳಿಸಿಕೊಂಡಿದ್ದಾರೆ. ಹಾಗಾಗಿ ಮೊಣಕಾಲೂರಿದಾಗ ಬಾಯಿಗೆ ಬಂದದ್ದನ್ನು ನುಂಗಬೇಡಿ. ಪ್ರಾರ್ಥನೆ ಬರುತ್ತಿಲ್ಲ ಎಂದಿದ್ದೀರಿ. ಬರುತ್ತಿದೆ, ತಾಯಿ. ಅದೇ ಪ್ರಾರ್ಥನೆ. ಮಾತೇ ಹೊರಡದ ದಿನಕ್ಕೂ ವ್ಯವಸ್ಥೆ ಇದೆ. ಎಲ್ಲವೂ ಒಳ್ಳೆಯದಕ್ಕೇ ಕೂಡಿಬರುತ್ತದೆ ಎಂದು ರೋಮಾಪುರದವರಿಗೆ ಬರೆದ ಪತ್ರದ 8:28ನ್ನು ಸಾವಿನ ಮನೆಯಲ್ಲೂ ಹೇಳಿ ಹೋಗುವವರು, ಎರಡೇ ವಚನ ಹಿಂದೆ, 26ರಲ್ಲಿ, ನಮಗೆ ಹೇಗೆ ಪ್ರಾರ್ಥಿಸಬೇಕೆಂದು ತಿಳಿಯದಿರುವಾಗ ಪವಿತ್ರಾತ್ಮನೇ ನರಳುತ್ತಾನೆ ಎಂದಿರುವುದನ್ನು ಓದಿರುವುದಿಲ್ಲ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಯಲ್ಲಿ ಸ್ತೋತ್ರವೂ ಇಲ್ಲ, ಆಮೆನ್ನೂ ಇಲ್ಲ. ಹಾಗೆ ಮುಗಿದ ರಾತ್ರಿಗಳಿಗೂ ಸತ್ಯವೇದದಲ್ಲಿ ಒಂದು ಪುಟ ಇದೆ.

ಗಂಡ ತೀರಿಕೊಂಡದ್ದು ನಿಮ್ಮ ಕಹಿತನದಿಂದ ಎಂದವರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಕೋಪ ಬರುತ್ತದೆ. ಹುಟ್ಟುಕುರುಡನನ್ನು ನೋಡಿ, ಇವನ ಪಾಪವೋ ತಂದೆತಾಯಿಯ ಪಾಪವೋ ಎಂದು ಶಿಷ್ಯರು ಕೇಳಿದಾಗ ಯೇಸು ಎರಡೂ ಅಲ್ಲ ಎಂದರು. ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಸುಮ್ಮನೆ ನೆಲದ ಮೇಲೆ ಕೂತಿದ್ದಷ್ಟೇ ಅವರು ಮಾಡಿದ ಉಪಕಾರ. ಬಾಯಿ ತೆರೆದದ್ದೇ ತಪ್ಪಾಯಿತು. ಕೊನೆಗೆ ದೇವರು ಸರಿಯಾಗಿ ಮಾತಾಡಿದವನು ಯೋಬ, ನೀವಲ್ಲ ಎಂದು ಆ ಗೆಳೆಯರಿಗೇ ಹೇಳುತ್ತಾರೆ. ದೇವರನ್ನು ವಕಾಲತ್ತು ಹಾಕಿ ಕಾಪಾಡಿದವರಿಗೆ ಛೀಮಾರಿ, ದೇವರ ಮೇಲೆ ದೂರು ಹೇಳಿದವನಿಗೆ ಮೆಚ್ಚುಗೆ.

ಇದೆಲ್ಲ ಪರೀಕ್ಷೆ, ಮುಂದೆ ಒಳ್ಳೆಯದೇ ಆಗುತ್ತದೆ ಎನ್ನುವವರು ಯೋಸೇಫನನ್ನು ಎಳೆದು ತರುತ್ತಾರೆ. ಅವನ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಅದರಲ್ಲಿ ನಿಮಗೆ ಬೇಕಾದದ್ದು ಬಹಳ ಇದೆ. "ನೀವು ನನಗೆ ಕೇಡು ಬಗೆದಿರಿ, ದೇವರು ಅದನ್ನು ಒಳ್ಳೆಯದಕ್ಕೆ ತಿರುಗಿಸಿದರು" ಎಂಬ ಅರ್ಥದ ಮಾತನ್ನು ಅವನು ಅಣ್ಣಂದಿರಿಗೆ ಹೇಳುವುದು ಆದಿಕಾಂಡದ ಕಟ್ಟಕಡೆಯ ಅಧ್ಯಾಯದಲ್ಲಿ. ಯಾವಾಗ ಎಂದು ಲೆಕ್ಕ ಹಾಕಿ. ಅವರು ಅವನನ್ನು ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ಮಾರಿದಾಗ ವಯಸ್ಸು 17. ಫರೋಹನ ಮುಂದೆ ನಿಂತಾಗ 30. ಏಳು ವರ್ಷ ಸುಭಿಕ್ಷ, ಬರ ಬಂದು ಎರಡು ವರ್ಷವಾದ ಮೇಲೆ ತಾನು ಯಾರೆಂದು ಅಣ್ಣಂದಿರಿಗೆ ತಿಳಿಸಿದ. ಅಲ್ಲಿಗೆ 39. ಅಪ್ಪ ಯಾಕೋಬ ಐಗುಪ್ತದಲ್ಲಿ ಹದಿನೇಳು ವರ್ಷ ಬದುಕಿ ತೀರಿಕೊಂಡ ಮೇಲೆ ಈ ಮಾತು. ಅಂದರೆ ಯೋಸೇಫನಿಗೆ ಹತ್ತಿರಹತ್ತಿರ 56. ಗುಂಡಿಗೆ ತಳ್ಳಿ ಮಾರಿದ ದಿನದಿಂದ ಮೂವತ್ತೊಂಬತ್ತು ವರ್ಷ! ಆ ಮಾತನ್ನು ಅವನಿಗೆ ಪಾಸ್ಟರು ಹೇಳಲಿಲ್ಲ, ಅಕ್ಕಪಕ್ಕದವರು ಹೇಳಲಿಲ್ಲ, ಗುಂಡಿಯ ಬಾಯಲ್ಲಿ ಬಗ್ಗಿ ಯಾರೂ ಕೂಗಲಿಲ್ಲ. ಅವನೇ, ಅವನ ಬಾಯಿಂದಲೇ ಹೇಳಿದ. ನಿಮಗಿನ್ನೂ ಎರಡು ವರ್ಷ.

ಯೋಸೇಫ ಅಣ್ಣಂದಿರನ್ನು ಕಂಡ ಕೂಡಲೇ ಓಡಿ ಹೋಗಿ ತಬ್ಬಿಕೊಳ್ಳಲೂ ಇಲ್ಲ. ಗುರುತು ಹಿಡಿದೂ ಹಿಡಿಯದವನಂತೆ ದುಬಾಷಿಯನ್ನಿಟ್ಟುಕೊಂಡು ಮಾತಾಡಿದ. ಒಬ್ಬನನ್ನು ಒತ್ತೆ ಇಟ್ಟುಕೊಂಡ. ತಮ್ಮ ಬೆನ್ಯಾಮೀನನನ್ನು ಕರೆತನ್ನಿ ಎಂದ. ಚೀಲದಲ್ಲಿ ಬೆಳ್ಳಿ ಬಟ್ಟಲು ಅಡಗಿಸಿ ಅವರು ಏನು ಮಾಡುತ್ತಾರೆಂದು ನೋಡಿದ. ಅಂದು ಅವನನ್ನು ಮಾರೋಣ ಎಂದು ಸೂಚಿಸಿದ್ದ ಯೆಹೂದನೇ ಮುಂದೆ ಬಂದು, ತಮ್ಮನ ಬದಲು ನನ್ನನ್ನು ದಾಸನಾಗಿ ಇಟ್ಟುಕೋ ಎಂದ. ಆಗ ಯೋಸೇಫನ ಕಟ್ಟೆ ಒಡೆದು ಗೊಳೋ ಎಂದು ಅತ್ತ. ಮೊದಲು ಪರೀಕ್ಷಿಸಿದ, ಬದಲಾದದ್ದು ಕಂಡ, ಆಮೇಲೆ ಒಂದಾದ. ಇದನ್ನು ಯಾರೂ ಕಹಿತನ ಎನ್ನುವುದಿಲ್ಲ.

ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ಬಹಳ ವರ್ಷಗಳ ಹಿಂದೆ ಜೊತೆಯಲ್ಲೇ ಕೆಲಸ ಮಾಡುತ್ತಿದ್ದ ಗೆಳೆಯನೊಬ್ಬ ನನ್ನ ಮೇಲೆ ಹಣದ ವಿಷಯದಲ್ಲಿ ಸುಳ್ಳು ಹಬ್ಬಿಸಿದ. ನಾನು ಒಂದೇ ವಾರದಲ್ಲಿ, ಭಾನುವಾರದ ಪ್ರಸಂಗದಲ್ಲೇ, ಎಲ್ಲರೆದುರು ಕ್ಷಮಿಸಿದ್ದೇನೆ ಎಂದು ಘೋಷಿಸಿಬಿಟ್ಟೆ. ಜನ ಕಣ್ಣೊರೆಸಿಕೊಂಡರು. ನನಗೂ ಒಂಥರಾ ಹೆಮ್ಮೆ. ಆರು ವರ್ಷದ ಮೇಲೆ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಅವನು ಎದುರು ಬರುತ್ತಿರುವುದು ಕಂಡು, ಮೊಳ ಹಾಕಿಸುತ್ತಿದ್ದ ಮಲ್ಲಿಗೆಯನ್ನು ಅಲ್ಲೇ ಬಿಟ್ಟು ಬಾಳೆಮಂಡಿಯ ಕಡೆ ನುಗ್ಗಿ ತಪ್ಪಿಸಿಕೊಂಡೆ. ಕಾಲು ನಡುಗುತ್ತಿತ್ತು. ಆರು ವರ್ಷ ನಾನು ಕ್ಷಮಿಸಿರಲೇ ಇಲ್ಲ. ಕ್ಷಮಿಸಿದ್ದೇನೆ ಎಂಬ ಪ್ರಸಂಗ ಮಾಡಿದ್ದೆ, ಅಷ್ಟೇ. ನಿಜವಾಗಿ ಕ್ಷಮಿಸುವ ಕೆಲಸ ಆ ಮಾರುಕಟ್ಟೆಯ ದಿನ ಶುರುವಾಯಿತು, ಇನ್ನೂ ಪೂರ್ತಿಯಾಗಿಲ್ಲ.

ಹಾಗಾದರೆ ಕ್ಷಮಿಸಬೇಕಾಗಿಲ್ಲವೇ? ಬೇಕು. ಕ್ರಿಸ್ತನ ಹಿಂದೆ ಹೊರಟವರಿಗೆ ಆ ಆಜ್ಞೆಯಿಂದ ವಿನಾಯಿತಿ ಇಲ್ಲ, ನಿಮ್ಮನ್ನು ಮೆಚ್ಚಿಸಲು ಬೇರೆ ಹೇಳಲಾರೆ. ಆದರೆ ಕ್ಷಮೆ ಎಂಬ ಒಂದೇ ಹೆಸರಿನಲ್ಲಿ ಜನ ನಿಮ್ಮಿಂದ ಮೂರು ಬೇರೆಬೇರೆ ವಸ್ತು ಕೇಳುತ್ತಿದ್ದಾರೆ: ಸೇಡು ಬಿಡು, ಲೆಕ್ಕ ಬಿಡು, ಮತ್ತೆ ನಂಬು. ಮೊದಲನೆಯದಷ್ಟೇ ಕ್ಷಮೆ. ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲನನ್ನು ನೋಡಿ. ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ, ಕಂಚುಗಾರ ಅಲೆಕ್ಸಾಂದರನು ನನಗೆ ಬಹಳ ಕೇಡು ಮಾಡಿದ, ನೀನೂ ಅವನ ವಿಷಯದಲ್ಲಿ ಎಚ್ಚರಿಕೆಯಿಂದಿರು ಎಂದು ಹೆಸರು ಹಿಡಿದು ಬರೆಯುತ್ತಾನೆ. ಅದರ ಬೆನ್ನಿಗೇ, ವಿಚಾರಣೆಯ ದಿನ ನನ್ನನ್ನು ಕೈಬಿಟ್ಟು ಹೋದವರ ಮೇಲೆ ಅದು ದೋಷವಾಗಿ ಎಣಿಸಲ್ಪಡದಿರಲಿ ಎಂದು ಬೇಡುತ್ತಾನೆ. ಎಚ್ಚರಿಕೆಯೂ ಕರುಣೆಯೂ ಒಂದೇ ಪುಟದಲ್ಲಿವೆ. ಸ್ವತಃ ಯೇಸುವಿನ ಬಗ್ಗೆಯೇ, ಮನುಷ್ಯರ ಒಳಗು ಗೊತ್ತಿದ್ದುದರಿಂದ ಅವರಿಗೆ ತನ್ನನ್ನು ಒಪ್ಪಿಸಿಕೊಡಲಿಲ್ಲ ಎಂದು ಯೋಹಾನನ ಸುವಾರ್ತೆ ಎರಡನೇ ಅಧ್ಯಾಯದಲ್ಲಿ ಹೇಳುತ್ತದೆ. ಏಳೆಪ್ಪತ್ತು ಸಾರಿ ಕ್ಷಮಿಸು ಎಂಬ ಮಾತು ಇರುವ ಮತ್ತಾಯ 18ರಲ್ಲೇ ಅದಕ್ಕೆ ಮೊದಲು ಏನಿದೆ? ನಿನ್ನ ಸಹೋದರ ತಪ್ಪು ಮಾಡಿದರೆ ಒಬ್ಬನೇ ಇರುವಾಗ ಹೋಗಿ ಅವನ ತಪ್ಪನ್ನು ತಿಳಿಸು, ಕೇಳದಿದ್ದರೆ ಒಬ್ಬಿಬ್ಬರನ್ನು ಸಾಕ್ಷಿಗೆ ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ಹೇಳು. ನೀವು ಮೊದಲ ಮೆಟ್ಟಿಲು ಹತ್ತಿದ್ದೀರಿ. ಅವರು ಕೈಕೊಡವಿದರು. ಎರಡು, ಮೂರನೆಯದು ಬಾಕಿ ಇದೆ, ಅದನ್ನು ಹತ್ತಲು ಬಿಡದೆ ಏಳೆಪ್ಪತ್ತಕ್ಕೆ ಹಾರು ಎನ್ನುತ್ತಿದ್ದಾರೆ.

ಕೋರ್ಟಿನ ವಿಷಯಕ್ಕೆ ಬರುತ್ತೇನೆ, ಇಲ್ಲಿ ತಡಮಾಡುವ ಹಾಗಿಲ್ಲ. ನಿಮಗೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ 6ನೇ ಅಧ್ಯಾಯ ತೋರಿಸಿರುತ್ತಾರೆ, ಗೊತ್ತು. ಸಹೋದರರು ಅವಿಶ್ವಾಸಿಗಳ ಮುಂದೆ ವ್ಯಾಜ್ಯ ಹೂಡುವುದೇಕೆ, ಅನ್ಯಾಯವನ್ನು ಸಹಿಸಬಾರದೇ ಎಂದು ಪೌಲ ಕೇಳುವುದು ನಿಜ. ಆದರೆ ಅದೇ ಉಸಿರಿನಲ್ಲಿ, ಸಹೋದರರ ನಡುವೆ ತೀರ್ಪು ಮಾಡಬಲ್ಲ ಬುದ್ಧಿವಂತನು ನಿಮ್ಮಲ್ಲಿ ಒಬ್ಬನೂ ಇಲ್ಲವೋ ಎಂದು ಸಭೆಯ ಮುಖಕ್ಕೇ ಕೇಳುತ್ತಾನೆ. ಮುಂದಕ್ಕೆ ಹೋಗಿ, ನೀವೇ ಅನ್ಯಾಯ ಮಾಡುತ್ತೀರಿ, ನಷ್ಟಪಡಿಸುತ್ತೀರಿ, ಅದೂ ಸಹೋದರರಿಗೆ ಎಂದು ಮೋಸ ಮಾಡಿದವರನ್ನೇ ಹಿಡಿದು ಝಾಡಿಸುತ್ತಾನೆ. ಸಭೆ ನ್ಯಾಯ ಮಾಡಲಿ, ಆಗ ಹೊರಗೆ ಹೋಗುವ ಅಗತ್ಯವಿಲ್ಲ ಎಂಬುದು ಅಲ್ಲಿನ ವಾದ. ಸಭೆ ಪಂಚಾಯಿತಿಯನ್ನೂ ಕೂಡಿಸುವುದಿಲ್ಲ, ಕೋರ್ಟಿಗೂ ಬಿಡುವುದಿಲ್ಲ ಎಂದರೆ ಅದಕ್ಕೆ ಪೌಲನ ಸಹಿ ಇಲ್ಲ. ತನಗೆ ಅನ್ಯಾಯದ ವಿಚಾರಣೆಯಾಗುತ್ತದೆ ಎಂದು ಕಂಡಾಗ ಅವನೇ ರೋಮಿನ ಚಕ್ರವರ್ತಿ ಕೈಸರನಿಗೆ ಮೇಲ್ಮನವಿ ಹಾಕಿದ, ಅಪೊಸ್ತಲರ ಕೃತ್ಯಗಳು 25ರಲ್ಲಿದೆ. ಇನ್ನೊಂದು ಸಂಗತಿ ನನಗೆ ಬಹಳ ವರ್ಷ ಹೊಳೆದಿರಲಿಲ್ಲ. ನೀವೇ ಮುಯ್ಯಿ ತೀರಿಸಬೇಡಿ, ದೇವರಿಗೆ ಬಿಡಿ ಎಂಬುದು ರೋಮಾಪುರದವರಿಗೆ ಬರೆದ ಪತ್ರದ 12ರ ಕೊನೆ. ಹಾಳೆ ತಿರುಗಿಸಿದರೆ 13ರ ಆರಂಭದಲ್ಲೇ, ತಪ್ಪು ಮಾಡಿದವನನ್ನು ದಂಡಿಸುವ ಅಧಿಕಾರಿ ದೇವರ ಸೇವಕ ಎಂದಿದೆ. ದೇವರಿಗೆ ಬಿಟ್ಟದ್ದು ನ್ಯಾಯಾಧೀಶರ ಮೇಜಿನ ಮೇಲೂ ತಲುಪಬಹುದು.

ಆದ್ದರಿಂದ ಮೊದಲು ಪಾಸ್ಟರಿಗೂ ಹಿರಿಯರ ಸಮಿತಿಗೂ ಬರಹದಲ್ಲಿ ಕೊಡಿ: ಇಂಥ ದಿನ ಇಷ್ಟು ಸಾಲಕ್ಕೆ ಸಹಿ ಹಾಕಿದೆವು, ಇಂಥ ದಿನ ನಾನು ಇಷ್ಟು ಕಟ್ಟಿದೆ, ರಸೀದಿಯ ನಕಲು ಇಲ್ಲಿದೆ, ಒಂದು ತಿಂಗಳೊಳಗೆ ಇಬ್ಬರನ್ನೂ ಕೂರಿಸಿ ಕೇಳಿ. ಅತ್ತು ಬರೆಯಬೇಡಿ, ತಾರೀಖು ಹಾಕಿ ಬರೆಯಿರಿ. ಅದರ ಜೊತೆಯಲ್ಲೇ, ಅವರ ಉತ್ತರಕ್ಕೆ ಕಾಯದೆ, ಮಂಡ್ಯದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ವರಮಾನ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಜಾಮೀನುದಾರರು ಸಾಲ ತೀರಿಸಿದರೆ ಆ ಹಣವನ್ನು ಮೂಲ ಸಾಲಗಾರನಿಂದ ವಸೂಲಿ ಮಾಡುವ ಹಕ್ಕನ್ನು 1872ರ ಕರಾರು ಕಾಯ್ದೆಯೇ ಕೊಟ್ಟಿದೆ. ಬಲವಂತ ಮಾಡಿದ್ನಾ ಎಂಬ ಅವರ ಮಾತಿಗೆ ಅಲ್ಲಿ ಬೆಲೆಯಿಲ್ಲ. ಆದರೆ ದಾವೆಗೆ ಅವಧಿ ಇದೆ, ನೀವು ಹಣ ಕಟ್ಟಿದ ದಿನದಿಂದ ಮೂರು ವರ್ಷ. ಎರಡು ಕಳೆದಿದೆ. ಸೊಸೈಟಿಯಿಂದ ಸಾಲ ತೀರಿದ ಪತ್ರ, ಜಾಮೀನು ಪತ್ರದ ನಕಲು, ಸೈಟಿನ ಕ್ರಯಪತ್ರ, ಬ್ಯಾಂಕ್ ಪಾಸ್‌ಬುಕ್ಕು ಒಂದು ಕವರಿನಲ್ಲಿ ಹಾಕಿಕೊಂಡು ಇದೇ ವಾರ ಹೋಗಿ. ಲೋಕ ಅದಾಲತ್ತಿನಲ್ಲಿ ರಾಜಿಯಾಗಿ ಕಂತಿನ ಮೇಲೆ ವಾಪಸು ಕೊಡುವಂತಾದರೂ ಒಳ್ಳೆಯದೇ. ಯೇಸು ತಾನಾಗಿ ಸುಂಕದವನಾದ ಜಕ್ಕಾಯನ ಮನೆಗೆ ಬಂದ ದಿನ ಅವನು ಅತ್ತು ಕ್ಷಮೆ ಕೇಳಿದ ಎಂದು ಲೂಕ ಬರೆದಿಲ್ಲ. ಮೋಸದಿಂದ ಕಿತ್ತದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದ, ಆಗಲೇ ಯೇಸು ಈ ಮನೆಗೆ ಈ ಹೊತ್ತು ರಕ್ಷಣೆ ಬಂತು ಎಂದದ್ದು. ಲೆಕ್ಕ ಕೇಳುವುದರಿಂದ ಆ ಹಿರಿಯರ ಆತ್ಮಕ್ಕೂ ನೀವು ಉಪಕಾರವನ್ನೇ ಮಾಡುತ್ತೀರಿ.

(ಜಾಮೀನು ನಿಲ್ಲಬೇಡ ಎಂದು ಜ್ಞಾನೋಕ್ತಿಗಳಲ್ಲಿ ನಾಲ್ಕಾರು ಕಡೆ ಹೇಳಿದೆ. ಅದನ್ನು ಈಗ ನಿಮಗೆ ಓದಿ ಹೇಳುವವರು ಸಹಿ ಹಾಕುವ ದಿನ ಎಲ್ಲಿದ್ದರೋ.)

ಇನ್ನು ಕರ್ತನ ಭೋಜನ. ನನಗೆ ನಿಜವಾಗಿ ಹೇಳಬೇಕಾಗಿರುವುದು ಇದನ್ನೇ. ಮನಸ್ಸು ಶುದ್ಧವಿಲ್ಲ ಎಂದು ಒಂದು ವರ್ಷ ನೀವು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದೀರಿ, ಅವರು ಮುಂದೆ ಹೋಗಿ ರೊಟ್ಟಿ ತಿಂದು ಬಂದಿದ್ದಾರೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಹೋಗಿ ಮೊದಲು ಒಂದಾಗು ಎಂದು ಯೇಸು ಹೇಳಿದ್ದು ಯಾರಿಗೆ? ಮತ್ತಾಯ 5:23ನ್ನು ಬೆರಳಿಟ್ಟು ಓದಿ. ನಿನ್ನ ಮೇಲೆ ನಿನ್ನ ಸಹೋದರನಿಗೆ ಏನಾದರೂ ಇದೆ ಎಂದು ನೆನಪಾದರೆ. ಅಂದರೆ ಎದ್ದು ಹೊರಗೆ ನಡೆಯಬೇಕಾದವರು ನೊಂದವರಲ್ಲ, ನೋಯಿಸಿದವರು. ನಿಮ್ಮ ಸಭೆಯಲ್ಲಿ ಅದು ತಿರುಗಾಮುರುಗಾ ಆಗಿದೆ. ಅಯೋಗ್ಯವಾಗಿ ತಿನ್ನಬಾರದು ಎಂಬ, ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದ ಮಾತೂ ಹಾಗೇ. ಉಳ್ಳವರು ಮೊದಲೇ ಬಂದು ಹೊಟ್ಟೆ ತುಂಬ ಉಂಡು, ಇಲ್ಲದವರನ್ನು ಹಸಿದು ನಾಚುವಂತೆ ಮಾಡುತ್ತಿದ್ದರು. ಪೌಲ ಬೈದದ್ದು ಅವರನ್ನು.

ಅದೇ ಅಧ್ಯಾಯದಲ್ಲಿ, ಪ್ರತಿ ಸಲ ಪಾಸ್ಟರು ರೊಟ್ಟಿ ಎತ್ತುವಾಗ ಹೇಳುವ ಮಾತು ಹೇಗೆ ಶುರುವಾಗುತ್ತದೆ? "ಕರ್ತನಾದ ಯೇಸು ತಾನು ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲಿ ರೊಟ್ಟಿಯನ್ನು ತೆಗೆದುಕೊಂಡು..." ನೂರಾರು ಸಲ ಕೇಳಿದ್ದೀರಿ. ರೋಗಿಗಳನ್ನು ವಾಸಿಮಾಡಿದ ದಿನವಲ್ಲ, ಐದು ಸಾವಿರ ಮಂದಿ ಉಂಡು ಉಘೇ ಎಂದ ದಿನವೂ ಅಲ್ಲ. ಜೊತೆಯಲ್ಲಿ ಉಂಡವನು ಮೂವತ್ತು ಬೆಳ್ಳಿ ನಾಣ್ಯಕ್ಕೆ ಹಿಡಿದುಕೊಟ್ಟ ರಾತ್ರಿ. ನನ್ನ ಅನ್ನ ಉಂಡವನೇ ನನಗೆ ಕಾಲು ಎತ್ತಿದ ಎಂಬ 41ನೇ ಕೀರ್ತನೆಯ ಮಾತನ್ನು ಅಂದು ಯೇಸು ಊಟದ ಮನೆಯಲ್ಲೇ ನೆನೆದರು. ಉಂಡ ಮನೆಗೆ ಎರಡು ಬಗೆಯುವುದು ಎಂದು ನಾವು ಹೇಳುತ್ತೇವಲ್ಲ, ಅದೇ. ಹಿಡಿದುಕೊಡಲಿದ್ದ ಶಿಷ್ಯ ಯೂದನ ಕೈಗೇ ತುತ್ತು ಅದ್ದಿ ಇತ್ತರು. ಅವನು ಎದ್ದು ಹೊರಗೆ ಹೋದ, ಆಗ ರಾತ್ರಿಯಾಗಿತ್ತು ಎಂದು ಯೋಹಾನ ಬರೆಯುತ್ತಾನೆ. ಕ್ರೈಸ್ತ ನಂಬಿಕೆಯ ನಟ್ಟನಡುವೆ ಇರುವ ಊಟ ಅಂಥ ರಾತ್ರಿಯದು. ನಿಮ್ಮ ಪಾಸ್ಟರೂ ಆ ದ್ರೋಹದ ಹೆಸರೆತ್ತಿಯೇ ರೊಟ್ಟಿ ಮುರಿಯುತ್ತಾರೆ, ಮುಚ್ಚಿಟ್ಟು ಮುರಿಯುವುದಿಲ್ಲ. ನಂಬಿದವರು ಕೈಬಿಟ್ಟವರಿಗೆ ಆ ಮೇಜಿನಲ್ಲಿ ಜಾಗವಿಲ್ಲ ಎಂದರೆ ಇನ್ನು ಯಾರಿಗಿದೆ? ಬಲ ಎಲ್ಲಿಂದ ಎಂದು ಕೇಳಿದಿರಿ. ಮನಸ್ಸು ಶುದ್ಧವಾಗುವವರೆಗೆ ಕಾಯದೆ, ಇದೇ ಮನಸ್ಸು ಹಿಡಿದುಕೊಂಡು ಮುಂದೆ ಹೋಗಿ ಕೈಯೊಡ್ಡಿ. ನನಗೆ ಗೊತ್ತಿರುವ ಜಾಗ ಅದೊಂದೇ. ಒಂದೇ ದಿನದಲ್ಲಿ ಏನೂ ಆಗುವುದಿಲ್ಲ. ನನಗೆ ಬಹಳ ಕಾಲ ರೊಟ್ಟಿ ಬರೀ ರೊಟ್ಟಿಯಾಗಿತ್ತು.

ನಿಮ್ಮ ಸಭೆಯಲ್ಲಿ ಅವರ ಕಣ್ಣೆದುರು ಹೋಗಲು ಈಗಲೇ ಧೈರ್ಯ ಬಾರದಿದ್ದರೆ, ಕೆಲವು ತಿಂಗಳು ಮಂಡ್ಯದಲ್ಲೋ ಮೈಸೂರಿನಲ್ಲೋ ಬೇರೆ ಸಭೆಯಲ್ಲಿ ಆರಾಧನೆಗೆ ಕೂರಿ, ಅದು ಓಡಿಹೋಗುವುದಲ್ಲ. ಮೈಸೂರಿಗೆ ಬಂದ ದಿನ ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿಗೂ ಹೋಗಿ ಬನ್ನಿ. ನೀವು ಬೇರೆ ಸಭೆಯವರು, ಸಂತರ ಮೊರೆಹೋಗುವುದು ನಿಮ್ಮ ರೂಢಿಯಲ್ಲ, ಗೊತ್ತು. ಸುಮ್ಮನೆ ಕೂರಲು ಹೇಳುತ್ತಿದ್ದೇನೆ. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲು ಹಾಕಿದ ಚರ್ಚು ಅದು. 175 ಅಡಿಯ ಆ ಜೋಡಿ ಗೋಪುರದ ಮುಂದೆ ಫೋಟೋ ತೆಗೆಸಿಕೊಳ್ಳುವವರು ನೂರಾರು ಜನ. ಒಳಗೆ ಬಣ್ಣದ ಗಾಜಿನ ಕಿಟಕಿಗಳಲ್ಲಿ ಕಡೆಯ ಊಟದ ಚಿತ್ರವೂ ಇದೆ, ಶಿಲುಬೆಯೂ ಇದೆ. ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದರೆ ತಂಪು, ಮಬ್ಬು, ಸದ್ದಿಲ್ಲ. ಅಲ್ಲಿ ಯಾರಾದರೂ ಅಳುತ್ತಿದ್ದರೆ ಪಕ್ಕದವರು ತಿರುಗಿ ನೋಡುವುದಿಲ್ಲ. ಹಿಂದೂ, ಮುಸ್ಲಿಂ ಹೆಂಗಸರೂ ಬಂದು ಕೂತು ಹೋಗುವುದನ್ನು ಕಂಡಿದ್ದೇನೆ. ನಾನೂ ಕೂತಿದ್ದೇನೆ.

ಮುಂದೊಂದು ದಿನ ಆ ಹಿರಿಯರು ನಿಜವಾಗಿ ತಿರುಗಿ ಬಂದರೆ ಏನು ಮಾಡಬೇಕು? ಯೋಹಾನನ ಸುವಾರ್ತೆಯ ಕಡೆಯ ಅಧ್ಯಾಯದಲ್ಲಿ ಸಮುದ್ರತೀರದಲ್ಲಿ ಕೆಂಡದ ಬೆಂಕಿ, ಮೇಲೆ ಮೀನು. ಮೂಲ ಗ್ರೀಕಿನಲ್ಲಿ ಇದ್ದಲಿನ ಬೆಂಕಿ ಎಂಬ ಆ ಪದ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ, ಇಲ್ಲೊಮ್ಮೆ, ಮತ್ತು ಯೇಸುವಿನ ಶಿಷ್ಯ ಪೇತ್ರ ಚಳಿ ಕಾಯಿಸುತ್ತಾ ನಾನವನನ್ನು ಅರಿಯೆ ಎಂದ ಅಂಗಳದಲ್ಲೊಮ್ಮೆ. ಯೇಸು ಪೇತ್ರನನ್ನು ಅದೇ ಬೆಂಕಿಯ ವಾಸನೆಗೆ ಕರೆದು ಕೂರಿಸಿ, ಉಣ್ಣಲು ಕೊಟ್ಟು, ಮೂರು ಸಲ ನಿರಾಕರಿಸಿದವನನ್ನು ಮೂರು ಸಲ ಕೇಳಿದರು. ಮೂರನೇ ಸಲ ಪೇತ್ರನಿಗೆ ನೋವಾಯಿತು. ಆ ನೋವನ್ನು ತಪ್ಪಿಸಲಿಲ್ಲ. ನಿಮ್ಮ ಹಿರಿಯರೂ ಒಂದು ದಿನ ರಸೀದಿಯ ಮುಂದೆ, ನಿಮ್ಮ ಯಜಮಾನರ ಹೆಸರಿನ ಮುಂದೆ ಕೂರಬೇಕಾಗುತ್ತದೆ. ಆ ದಿನ ಬರಲಿ ಎಂದು ನಿಮ್ಮ ಜೊತೆ ನಾನೂ ಬೇಡಿಕೊಳ್ಳುತ್ತೇನೆ. ಬಾರದಿದ್ದರೂ ನಿಮ್ಮ ಬದುಕು ಅದಕ್ಕೆ ಕಾದು ನಿಲ್ಲಬೇಕಿಲ್ಲ.

ಕಡೆಯದಾಗಿ ಆ "ಸ್ತೋತ್ರ ಅಕ್ಕ". ಸ್ತೋತ್ರ ಎಂಬುದು ದೇವರಿಗೆ ಸಲ್ಲುವ ಮಾತು, ಎದುರು ನಿಂತವರಿಗಲ್ಲ. ಹಾಗಾಗಿ ಹೇಳಬಹುದು, ನಾಲಿಗೆ ಮೈಲಿಗೆಯಾಗುವುದಿಲ್ಲ. ಬಾರದ ದಿನ ತಲೆಯಾಡಿಸಿ ನಡೆಯಿರಿ, ಅದೂ ಪಾಪವಲ್ಲ. ಆದರೆ ಬೀದಿಯಲ್ಲಿ ಮಾತಿಗೆ ಮಾತ್ರ ನಿಲ್ಲಬೇಡಿ. "ಏನಕ್ಕ, ಇನ್ನೂ ಸಿಟ್ಟಾ" ಎಂದು ಅವರು ನಗುತ್ತಾ ಕೇಳಿದರೆ, ಸಭೆಗೆ ಕಾಗದ ಕೊಟ್ಟಿದ್ದೀನಿ, ಅಲ್ಲಿ ಮಾತಾಡೋಣ ಅಣ್ಣ ಎಂದು ಹೇಳಿ ನಿಮ್ಮ ದಾರಿ ಹಿಡಿಯಿರಿ.